ಅಪ್ಪ ಹೇಳಿದ ನಾಲ್ಕನೆಯ ಮಾತು

ನಾನು ನಿಮ್ಮ ಹಾಗೆ ಚಿಕ್ಕವಳಿದ್ದಾಗ ನಮ್ಮ ಮನೆ ಪುಣೆಯ ಸ್ವಾರಗೇಟದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿತ್ತು. ಮನೆ ಎಂದರೆ ತಗಡಿನ ಸೂರಿನ ಒಂದೇ ಕೋಣೆ. ಒಂದು ಮೂಲೆಯಲ್ಲಿ ಸೀಮೆಎಣ್ಣೆಯ ಸ್ಟೋವು, ಇನ್ನೊಂದು ಮೂಲೆಯಲ್ಲಿ ನೀರಿನ ಪೀಪಾಯಿ, ನಡುವೆ ನಾವು ನಾಲ್ಕು ಜನ: ಅಪ್ಪ, ಅವ್ವ, ಅಕ್ಕ, ನಾನು. ಬೆಳಕು ಹರಿಯುವ ಮೊದಲೇ ಡೀಸೆಲ್ ವಾಸನೆ ಒಳಗೆ ಬರುತ್ತಿತ್ತು. ಅದರ ಹಿಂದೆಯೇ ‘ಸಾತಾರಾ, ಸಾತಾರಾ’ ಎಂದು ಕಂಡಕ್ಟರುಗಳು ಕೂಗುವ ದನಿ. ನಾನು ಎಷ್ಟೋ ದಿನ ಆ ರಾಗದಲ್ಲೇ ಮಗ್ಗಿ ಬಾಯಿಪಾಠ ಮಾಡಿದ್ದೇನೆ.

ಅಪ್ಪ, ಅವ್ವ ಬೀದರದ ಕಡೆಯ ಹಳ್ಳಿಯಿಂದ ಬಂದವರು. ಗಲ್ಲಿಯಲ್ಲಿ ಇನ್ನೂ ಹಲವು ಮನೆಗಳವರು ಆ ಸೀಮೆಯವರೇ. ಹೆಚ್ಚಿನವರು ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಅಪ್ಪ ಮಾತ್ರ ಶಿವಾಜಿನಗರಕ್ಕೆ ಹೋಗಿ, ಅಲ್ಲಿಂದ ಕಂಪನಿಯ ಬಸ್ಸು ಹಿಡಿದು, ಚಾಕಣದ ಕಾರಿನ ಬಿಡಿಭಾಗದ ಕಾರ್ಖಾನೆಗೆ ಹೋಗುತ್ತಿದ್ದ. ಗಲ್ಲಿಯಲ್ಲಿ ಕ್ರೈಸ್ತರೆಂದರೆ ನಮ್ಮದೊಂದೇ ಮನೆ. ಅದು ನಮಗೆ ಯಾವತ್ತೂ ಒಂಟಿತನ ಅನಿಸಿರಲಿಲ್ಲ. ಕ್ರಿಸ್‌ಮಸ್ಸಿಗೆ ಅವ್ವ ಕರಿದ ಕರಜೀಕಾಯಿ ಎಲ್ಲರ ಮನೆಗೂ ಹೋಗುತ್ತಿತ್ತು, ಹೋಳಿ ಹುಣ್ಣಿಮೆಗೆ ಅದೇ ತಟ್ಟೆ ಹೋಳಿಗೆ ತುಂಬಿಕೊಂಡು ನಮ್ಮ ಮನೆಗೆ ಬರುತ್ತಿತ್ತು.

ಸಂಜೆ ಅಪ್ಪ ಬಂದು ಕೈಕಾಲು ತೊಳೆದ ಮೇಲೆ ನಮ್ಮಲ್ಲಿ ಪ್ರಾರ್ಥನೆ. ಅಪ್ಪನೇ ಕೀರ್ತನೆ ಎತ್ತುತ್ತಿದ್ದ. ಅವನ ದನಿ ಎಷ್ಟು ದೊಡ್ಡದೆಂದರೆ ನಾವೆಲ್ಲ ಆಯಿ ಎನ್ನುತ್ತಿದ್ದ ಪಕ್ಕದ ಮನೆಯ ಮುದುಕಿ ತನ್ನ ಟಿವಿಯ ಸದ್ದು ತಗ್ಗಿಸಿ ಕೇಳುತ್ತಿದ್ದಳು. ಅಕ್ಕ ದೇವರ ವಾಕ್ಯ ಓದುತ್ತಿದ್ದಳು. ಆಮೇಲೆ ಅಪ್ಪ ಕಣ್ಣು ಮುಚ್ಚಿ, ಎದುರಿಗೆ ಕೂತವರ ಜೊತೆ ಮಾತಾಡಿದ ಹಾಗೆ ದೇವರ ಜೊತೆ ಮಾತಾಡುತ್ತಿದ್ದ. ದೇವರೇನಾದರೂ ನಮ್ಮ ಕೋಣೆಗೆ ಬಂದರೆ ಎಲ್ಲಿ ಕೂರುತ್ತಾನೆ, ಜಾಗವೇ ಇಲ್ಲವಲ್ಲ ಎಂದು ನಾನು ಒಂದು ಕಣ್ಣು ತೆರೆದು ನೋಡುತ್ತಿದ್ದೆ.

ಒಂದು ಮಳೆಗಾಲದಲ್ಲಿ ಕಾರ್ಖಾನೆಯಲ್ಲಿ ಲಾರಿಯಿಂದ ಕಬ್ಬಿಣದ ತಗಡಿನ ಸುರುಳಿ ಇಳಿಸುವಾಗ ಅದು ಉರುಳಿ ಅಪ್ಪನ ಬಲಗಾಲಿನ ಮೇಲೆ ಬಿತ್ತು. ಅಪ್ಪ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದ. ಕಾಲು ಉಳಿಯಿತು, ಆದರೆ ನೆಟ್ಟಗಾಗಲಿಲ್ಲ. ಕಂಕುಳಿಗೆ ಕೊಟ್ಟುಕೊಳ್ಳುವ ಎರಡು ಮರದ ಊರುಗೋಲುಗಳ ಮೇಲೆ ಅಪ್ಪ ಮನೆಗೆ ಬಂದ. ಕಾರ್ಖಾನೆಯವರು ಇನ್ನು ಬರುವುದು ಬೇಡ ಎಂದು ಹೇಳಿ ಕಳಿಸಿದರು. ಅವ್ವ ನಿಲ್ದಾಣದ ಎದುರಿನ ಉಡುಪಿ ಹೋಟೆಲಿನಲ್ಲಿ ಕೆಲಸಕ್ಕೆ ಸೇರಿದಳು. ಬೆಳಗಿನಿಂದ ಸಂಜೆಯವರೆಗೆ ತೆಂಗಿನಕಾಯಿ ತುರಿಯುವುದು, ಈರುಳ್ಳಿ ಬಿಡಿಸುವುದು, ಅಕ್ಕಿ ಆರಿಸುವುದು. ಮನೆಗೆ ಬಂದಾಗ ಅವಳ ಸೀರೆಗೆ ಇಂಗಿನ ವಾಸನೆ, ಕೈಬೆರಳಿಗೆ ಕೊಬ್ಬರಿಯ ವಾಸನೆ.

ಇಷ್ಟಾದರೂ ಅಪ್ಪ ಸಂಜೆಯ ಪ್ರಾರ್ಥನೆ ಬಿಟ್ಟಿರಲಿಲ್ಲ. ಅವನು ಅದನ್ನು ಬಿಟ್ಟದ್ದು ಒಂದು ಭಾನುವಾರ, ಸಭೆಯ ಹಿರಿಯ ಕಾಕಾ ಮನೆಗೆ ಬಂದು ಹೋದ ಮೇಲೆ. ನಮ್ಮ ಕನ್ನಡದ ಸಭೆಗೆ ಸ್ವಂತ ಚರ್ಚು ಇರಲಿಲ್ಲ. ಒಂದು ಮರಾಠಿ ಚರ್ಚಿನ ಹಿಂದಿನ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ಸೇರುತ್ತಿದ್ದೆವು. ಆ ಕಾಕಾ ಅಲ್ಲಿ ಎಲ್ಲರಿಗಿಂತ ದೊಡ್ಡವರು. ಬಿಳಿ ಧೋತರ, ಬಿಳಿ ಮೀಸೆ. ಅವರು ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತ, ಅಪ್ಪನ ಕಾಲನ್ನು ನೋಡುತ್ತ, ಸುಮ್ಮನೆ ಇಂಥದ್ದು ಬರುವುದಿಲ್ಲ, ಎಲ್ಲೋ ಏನೋ ಪಾಪ ಆಗಿರಬೇಕು, ಹುಡುಕಿ ಒಪ್ಪಿಕೊಂಡರೆ ಕಾಲು ಸರಿಹೋಗುತ್ತದೆ ಎಂದರು. ಕೆಟ್ಟ ಮನಸ್ಸಿನಿಂದ ಹೇಳಿರಲಿಕ್ಕಿಲ್ಲ. ಅವರು ಹೋದ ಮೇಲೆ ಚಹಾದ ಕಪ್ಪುಗಳನ್ನು ಅಪ್ಪನೇ ಒಟ್ಟುಮಾಡಿ ಅವ್ವನ ಕಡೆಗೆ ಸರಿಸಿ, ಕಾಲು ಮುರಿದ ದಿನವೂ ಮುಂಜಾನೆ ಪ್ರಾರ್ಥನೆ ಮಾಡಿಯೇ ಕೆಲಸಕ್ಕೆ ಹೋಗಿದ್ದೆ ಎಂದು ಮೆಲ್ಲಗೆ ಹೇಳಿದ. ಅಷ್ಟೇ. ಆ ಸಂಜೆ ನಾವು ಚಾಪೆ ಹಾಸಿದಾಗ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಅವ್ವ ಅವನನ್ನು ಒತ್ತಾಯ ಮಾಡಲಿಲ್ಲ, ಚಾಪೆಯನ್ನೂ ಮಡಚಲಿಲ್ಲ. ಅಕ್ಕ ಕೀರ್ತನೆ ಎತ್ತಿದಳು, ಅದು ಅರ್ಧಕ್ಕೇ ದಾರಿ ತಪ್ಪಿತು. ಅವ್ವ ಪ್ರಾರ್ಥಿಸಿದಳು. ಅವಳ ಪ್ರಾರ್ಥನೆ ಅಪ್ಪನದರ ಹಾಗೆ ಉದ್ದವಾಗಿರಲಿಲ್ಲ. ಇವತ್ತು ನಲ್ಲಿಯಲ್ಲಿ ಮಧ್ಯಾಹ್ನದವರೆಗೆ ನೀರು ಬಂತು, ನಿನಗೆ ಸ್ತೋತ್ರ. ಆಯಿ ಮೆಂತ್ಯದ ಸೊಪ್ಪು ಕೊಟ್ಟಳು, ನಿನಗೆ ಸ್ತೋತ್ರ. ಸಣ್ಣಾಕಿಯ ಜ್ವರ ಬಿಟ್ಟಿತು, ನಿನಗೆ ಸ್ತೋತ್ರ. ಸಣ್ಣಾಕಿ ಎಂದರೆ ನಾನು. ಹೀಗೆ ಒಂದೊಂದನ್ನೇ ಹೆಸರು ಹಿಡಿದು ಹೇಳುತ್ತಿದ್ದಳು. ಕೊನೆಗೆ ನನ್ನ ಸರದಿ. ನಾನು ದಿನವೂ ಒಂದನ್ನೇ ಕೇಳುತ್ತಿದ್ದೆ: ಅಪ್ಪನ ಕಾಲು ನೆಟ್ಟಗೆ ಮಾಡು. ಗೋಡೆಯ ಕಡೆ ತಿರುಗಿದ್ದ ಅಪ್ಪ ಎಚ್ಚರವಾಗಿಯೇ ಇರುತ್ತಿದ್ದ. ಅವನ ಬೆನ್ನು ನೋಡಿದರೆ ನನಗೆ ಗೊತ್ತಾಗುತ್ತಿತ್ತು.

ಚಳಿಗಾಲ ಹೋಯಿತು, ಬಿಸಿಲು ಬಂತು. ಶುಭ ಶುಕ್ರವಾರ ಹತ್ತಿರವಾಯಿತು. ಆ ದಿನ ಮರಾಠಿ ಚರ್ಚಿನವರಿಗೆ ಇಡೀ ಕಟ್ಟಡ ಬೇಕಾಗುತ್ತಿತ್ತು. ಪ್ರತಿ ವರ್ಷ ನಾವು ಯಾರದಾದರೂ ಮನೆಯ ಅಂಗಳದಲ್ಲಿ ಸೇರುತ್ತಿದ್ದೆವು, ಆ ವರ್ಷ ಅದೂ ಸಿಕ್ಕಿರಲಿಲ್ಲ. ಅವ್ವ ತೆಂಗಿನಕಾಯಿ ತುರಿಯುತ್ತ ಇದನ್ನು ಜೊತೆಯವಳಿಗೆ ಹೇಳುತ್ತಿದ್ದದ್ದು ಹೋಟೆಲಿನ ಮಾಲೀಕರ ಕಿವಿಗೆ ಬಿತ್ತು. ಅವರು ಕರಾವಳಿಯವರು. ಪುಣೆಯವರೆಲ್ಲ ಅವರನ್ನು ಅಣ್ಣಾ ಎಂದು ಕರೆಯುತ್ತಿದ್ದರು, ನಾವೂ ಹಾಗೇ ಕರೆಯುತ್ತಿದ್ದೆವು. ಮಹಡಿಯ ಮೇಲೆ ಒಂದು ದೊಡ್ಡ ಕೋಣೆ ಖಾಲಿ ಇದೆ, ಅಲ್ಲಿ ಮಾಡಿಕೊಳ್ಳಿ ಎಂದು ಅವರು ಅವ್ವನಿಗೆ ಹೇಳಿದರು. ಅವ್ವ ಆ ಸಂಜೆ ಅದಕ್ಕೂ ಸ್ತೋತ್ರ ಹೇಳಿದಳು.

ಅದಾದ ಒಂದೆರಡು ದಿನಕ್ಕೆ ನಮ್ಮ ಸಭೆಯ ಪಾದ್ರಿ ಅಯ್ಯನವರು ಮನೆಗೆ ಬಂದರು. ತೆಳ್ಳಗಿನ ಮನುಷ್ಯ, ಸೈಕಲ್ ತುಳಿದುಕೊಂಡು ಊರೆಲ್ಲ ಸುತ್ತುತ್ತಿದ್ದವರು. ಅಪ್ಪ ಎದ್ದು ಕೂತ. ಅಯ್ಯನವರು ಕಾಲಿನ ಬಗ್ಗೆ ಒಂದು ಮಾತೂ ಆಡದೆ, ಬಿಸಿಲಿನ ಬಗ್ಗೆ, ನನ್ನ ಶಾಲೆಯ ಬಗ್ಗೆ ಮಾತಾಡಿದರು. ಆಮೇಲೆ ಅಪ್ಪನನ್ನು ಒಂದು ವಿಷಯ ಕೇಳಿದರು. ಮಕ್ಕಳೇ, ನಿಮಗೆ ಗೊತ್ತಲ್ಲ, ಶುಭ ಶುಕ್ರವಾರ ಮಧ್ಯಾಹ್ನ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳನ್ನು ಧ್ಯಾನಿಸುತ್ತೇವೆ. ಸಭೆಯವರೇ ಏಳು ಜನ ಒಬ್ಬೊಬ್ಬರಾಗಿ ಎದ್ದು ಒಂದೊಂದು ಮಾತಿನ ಬಗ್ಗೆ ಹೇಳುತ್ತಾರೆ. ಅದರಲ್ಲಿ ನಾಲ್ಕನೆಯದನ್ನು ಅಪ್ಪ ಹೇಳಬೇಕು ಎಂದು ಅಯ್ಯನವರು ಕೇಳಿದರು. ನಾಲ್ಕನೆಯದು ಯೇಸು ದೇವರನ್ನು ‘ನನ್ನನ್ನು ಯಾಕೆ ಕೈಬಿಟ್ಟೆ’ ಎಂದು ಕೂಗಿ ಕೇಳಿದ ಮಾತು.

“ನಂಗ ಈಗ ಪ್ರಾರ್ಥನಾ ಬರಲ್ರೀ ಅಯ್ಯನೋರೆ,” ಎಂದ ಅಪ್ಪ.

“ಪ್ರಾರ್ಥನಾ ಮಾಡ್ರಿ ಅಂತ ನಾ ಕೇಳಿಲ್ಲ,” ಎಂದರು ಅಯ್ಯನವರು. “ಆ ಮಾತು ನಮ್ಮ ಸಭಾದಾಗ ಈ ವರ್ಷ ನಿಮಗ ತಿಳದಷ್ಟು ಮತ್ತ್ಯಾರಿಗೂ ತಿಳದಿಲ್ಲ. ಅದಕ್ಕ ಬಂದೀನಿ.”

ಅಪ್ಪ ಹೌದು ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಅಯ್ಯನವರು ಬಿಸಿಲಿಗೆ ಕಾದ ಸೈಕಲ್ಲಿನ ಸೀಟಿನ ಮೇಲೆ ಕರವಸ್ತ್ರ ಹಾಸಿಕೊಂಡು ಹೊರಟುಹೋದರು.

ಆ ಶುಕ್ರವಾರ ಬಂತು. ಅವ್ವ ಮತ್ತು ಅಕ್ಕ ಮೇಲಿನ ಕೋಣೆ ಗುಡಿಸಿ ಚಾಪೆ ಹಾಸಲು ಬೆಳಿಗ್ಗೆಯೇ ಹೋಟೆಲಿಗೆ ಹೋದರು. ಹೋಗುವಾಗ ಅವ್ವ ಅಪ್ಪನ ಬಿಳಿ ಅಂಗಿಯನ್ನು ಹಗ್ಗದ ಮೇಲೆ ಹರವಿ, ನನಗೆ, ಅಪ್ಪ ಹೊರಟರೆ ಜೊತೆಗೆ ಬಾ, ಹೊರಡದಿದ್ದರೆ ಜೊತೆಗಿರು ಎಂದು ಹೇಳಿದಳು. ಅದು ನನ್ನ ಮೊದಲ ಉಪವಾಸ. ಮಕ್ಕಳಿಗೆ ಬೇಡ ಎಂದರೂ ಹಟ ಮಾಡಿ ಹಿಡಿದಿದ್ದೆ. ಹತ್ತು ಗಂಟೆಯಷ್ಟರಲ್ಲೇ ಗಲ್ಲಿಯ ಯಾವ ಮನೆಯಲ್ಲಿ ಯಾವ ಅಡುಗೆ ಎಂದು ಕಣ್ಣುಮುಚ್ಚಿ ಹೇಳಬಲ್ಲವಳಾಗಿದ್ದೆ.

ಹನ್ನೊಂದು ಗಂಟೆಯ ಹೊತ್ತಿಗೆ ಅಪ್ಪ ಎದ್ದು ಅಂಗಿ ಹಾಕಿಕೊಂಡ. ಇಬ್ಬರೂ ಹೊರಟೆವು. ಅಪ್ಪ ಆಸ್ಪತ್ರೆಗೆ ಬಿಟ್ಟರೆ ಬೇರೆಲ್ಲಿಗೂ ಹೋಗದೆ ಬಹಳ ದಿನವಾಗಿತ್ತು. ಗಲ್ಲಿಯ ಕಲ್ಲುಚಪ್ಪಡಿಗಳ ಮೇಲೆ ಅವನ ಊರುಗೋಲು ಟಕ್ ಟಕ್ ಎನ್ನುತ್ತಿತ್ತು. ದೊಡ್ಡ ರಸ್ತೆಗೆ ಬಂದಾಗ ಬಿಸಿಲು ಮುಖಕ್ಕೆ ಹೊಡೆಯಿತು. ಡಾಂಬರು ಮೆತ್ತಗಾಗಿ ಚಪ್ಪಲಿಗೆ ಅಂಟುತ್ತಿತ್ತು. ರಜೆಯ ದಿನವಾದ್ದರಿಂದ ಊರಿಗೆ ಹೋಗುವವರ ಗದ್ದಲ. ಟ್ರಂಕು, ಗೋಣಿಚೀಲ, ಅಳುವ ಕೂಸುಗಳು. ಅವರ ನಡುವೆ ಅಪ್ಪ ಒಂದೊಂದೇ ಹೆಜ್ಜೆ ಇಡುತ್ತಿದ್ದ. ಯಾರಾದರೂ ತಾಗಿದರೆ ಬೀಳುತ್ತಾನೆ ಎಂದು ನಾನು ಮುಂದೆ ಮುಂದೆ ಕೈಚಾಚಿ ದಾರಿ ಮಾಡುತ್ತಿದ್ದೆ.

ರಸ್ತೆ ದಾಟಿದ ಮೇಲೆ ಆ ಬದಿಯಲ್ಲಿ ಕಬ್ಬಿನ ರಸದ ಅಂಗಡಿ. ಗಾಣಕ್ಕೆ ಕಟ್ಟಿದ ಗೆಜ್ಜೆ ಝಲ್ ಝಲ್ ಎನ್ನುತ್ತಿತ್ತು, ನಿಂಬೆ ಮತ್ತು ಶುಂಠಿಯ ವಾಸನೆಗೆ ನನ್ನ ಬಾಯಲ್ಲಿ ನೀರೂರಿತು. ಅದರ ಪಕ್ಕದ ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಬೇವಿನ ಮರದ ನೆರಳಿತ್ತು. ಅಪ್ಪ ಅಲ್ಲಿ ಕೂತುಬಿಟ್ಟ. ಕೂತವನು ಏಳಲಿಲ್ಲ. ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ರಸದ ಅಂಗಡಿಯವನು ಮರಾಠಿಯಲ್ಲಿ ಏನಾಯಿತು ಕಾಕಾ ಎಂದು ಕೇಳಿ, ಒಂದು ಲೋಟ ನೀರು ತಂದುಕೊಟ್ಟ. ಅಪ್ಪ ಅದನ್ನು ಕುಡಿಯಲಿಲ್ಲ. ಅವನೂ ಉಪವಾಸ ಹಿಡಿದಿದ್ದಾನೆ ಎಂದು ನನಗೆ ಆಗಲೇ ಗೊತ್ತಾದದ್ದು. ನೀರನ್ನು ಅಂಗೈಗೆ ಸುರಿದುಕೊಂಡು ಮುಖ ಒರೆಸಿಕೊಂಡ.

“ನೀ ಹೋಗು,” ಎಂದ ಅಪ್ಪ. “ಅಪ್ಪಗ ಆಗಲಿಲ್ಲ ಅಂತ ಅವ್ವಗ ಹೇಳು.”

ಅವನಿಗೆ ಆಗದೆ ಹೋದದ್ದು ನಡೆಯಲಿಕ್ಕಲ್ಲ ಎಂದು ನನಗೆ ತಿಳಿಯುತ್ತಿತ್ತು. ಹೋಟೆಲಿನ ಬೋರ್ಡು ಅಲ್ಲಿಂದಲೇ ಕಾಣುತ್ತಿತ್ತು. ಅಲ್ಲಿ ಹೋದರೆ ಹಿರಿಯ ಕಾಕಾ ಇರುತ್ತಾರೆ, ಎಲ್ಲರೂ ಇರುತ್ತಾರೆ, ಎಲ್ಲರ ಕಣ್ಣೂ ಕಾಲಿನ ಮೇಲೆ ಇರುತ್ತದೆ. ನಾನು ಹೋಗಲಿಲ್ಲ. ಅವನ ಪಕ್ಕದಲ್ಲಿ ಕೂತೆ. ಹಸಿವು, ಬಿಸಿಲು, ಗೆಜ್ಜೆಯ ಸದ್ದು, ಎಲ್ಲ ಸೇರಿ ನನಗೆ ಸಿಟ್ಟು ಬಂದಿತ್ತು.

ಸ್ವಲ್ಪ ಹೊತ್ತಾದ ಮೇಲೆ ಅಪ್ಪ ಕೇಳಿದ: “ದಿನಾ ನನ್ನ ಕಾಲಿನ ಸಲುವಾಗಿ ಕೇಳ್ತಿ. ಕಾಲು ನೆಟ್ಟಗ ಆಗೇ ಇಲ್ಲ. ಮತ್ತ ಮತ್ತ ಯಾಕ ಕೇಳ್ತಿ?”

ನಾನು ಯೋಚನೆಯನ್ನೇ ಮಾಡಲಿಲ್ಲ. “ಮತ್ತ್ಯಾರಿಗಿ ಕೇಳ್ಲಿ?” ಎಂದೆ, ಹಸಿದ ಮಕ್ಕಳು ಮಾತಾಡುವ ಹಾಗೆ, ಮುಖ ಊದಿಸಿಕೊಂಡು.

ಅಪ್ಪ ನನ್ನ ಮುಖ ನೋಡಿದ. ನಗುತ್ತಾನೆ ಅಂದುಕೊಂಡೆ. ನಗಲಿಲ್ಲ. ರಸ್ತೆಯ ಕಡೆ ನೋಡುತ್ತ ಕೂತ. ಒಂದು ಬಸ್ಸು ಹೋಯಿತು, ಇನ್ನೊಂದು ಹೋಯಿತು. ಆಮೇಲೆ ಊರುಗೋಲುಗಳನ್ನು ಹತ್ತಿರ ಎಳೆದುಕೊಂಡು, ಲೋಟ ವಾಪಸು ಕೊಟ್ಟು ಬಾ ಎಂದ. ನಾನು ಕೊಟ್ಟು ಬರುವಷ್ಟರಲ್ಲಿ ಅವನು ಎದ್ದು ನಿಂತಿದ್ದ.

ಹೋಟೆಲಿಗೆ ಬಂದರೆ ಇನ್ನೊಂದು ಕಷ್ಟ. ಮಹಡಿಗೆ ಹೋಗುವ ಮೆಟ್ಟಿಲು ಕಬ್ಬಿಣದ್ದು, ಇಕ್ಕಟ್ಟಿನದು, ಏಣಿಯ ಹಾಗೆ ಕಡಿದು. ಊರುಗೋಲು ಊರಲು ಜಾಗವೇ ಇಲ್ಲ. ಮೇಲಿನಿಂದ ಜನರ ಮಾತು ಕೇಳುತ್ತಿತ್ತು. ಅವ್ವ ಕೆಳಗಿಳಿದು ಬಂದು, ಅಪ್ಪನನ್ನು ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತುಬಿಟ್ಟಳು. ಅಡುಗೆಯವರು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋಗುತ್ತೇವೆ ಎಂದರು. ಅಪ್ಪ ಬೇಡವೆಂದ. ಅವನು ಆ ಮೆಟ್ಟಿಲಿಗೆ ಬೆನ್ನು ಮಾಡಿ ಕೂತು, ಕೈಯೂರಿ, ಹಿಂದುಹಿಂದಕ್ಕೆ ಒಂದು ಮೆಟ್ಟಿಲು ಏರಿದ. ಮತ್ತೊಂದು ಏರಿದ. ಬಿಳಿ ಅಂಗಿಗೆ ತುಕ್ಕಿನ ಕಲೆ ಹತ್ತಿತು. ಮುಖದಲ್ಲಿ ರಕ್ತವೇ ಇರಲಿಲ್ಲ.

ದುಡ್ಡಿನ ಗಲ್ಲೆಯ ಹಿಂದೆ ಕೂತಿದ್ದ ಅಣ್ಣಾ ಇದನ್ನು ನೋಡಿದರು. ಅವರು ಎದ್ದು ಬಂದು ಮೆಟ್ಟಿಲ ಬುಡದಲ್ಲಿ ನಿಂತರು. “ಇಳೀರಿ ಮಾರಾಯ್ರೆ,” ಎಂದರು. “ಮೇಲೆ ಬೇಡ. ಎಲ್ಲರೂ ಕೆಳಗೇ ಬರಲಿ, ಇಲ್ಲೇ ಮಾಡುವ.”

ಊಟದ ಹೊತ್ತು, ಗಿರಾಕಿಗಳು ಬರುವ ಸಮಯ ಎಂದು ಅವ್ವ ಗಾಬರಿಯಿಂದ ಹೇಳಿದಳು. ಒಂದು ದಿವಸ ಊಟ ಹಾಕದಿದ್ದರೆ ಹೋಟೆಲ್ ಎಲ್ಲಿಗೂ ಓಡಿಹೋಗುವುದಿಲ್ಲ ಎಂದರು ಅಣ್ಣಾ. ಆಗ ಊಟಕ್ಕೆ ಕೂತಿದ್ದ ಇಬ್ಬರು ಮುಗಿಸುವವರೆಗೆ ಕಾದು, ಶಟರನ್ನು ಅರ್ಧಕ್ಕೆ ಎಳೆದರು. ಮೇಲಿದ್ದವರೆಲ್ಲ ಚಾಪೆ ಸುತ್ತಿಕೊಂಡು, ಮರದ ಶಿಲುಬೆ ಹಿಡಿದುಕೊಂಡು, ತಬಲಾ ಎತ್ತಿಕೊಂಡು ಇಳಿದು ಬಂದರು. ಮೇಜುಗಳನ್ನು ಗೋಡೆಗೆ ಸರಿಸಿದರು. ಗಲ್ಲೆಯ ಮೇಲೆ ಅಣ್ಣಾನ ದೇವರ ಪಟ, ಅದಕ್ಕೆ ಮಲ್ಲಿಗೆಯ ಮಾಲೆ, ಮುಂದೆ ಸಣ್ಣ ದೀಪ. ಅದನ್ನು ಬಟ್ಟೆಯಿಂದ ಮುಚ್ಚಬೇಕೇ ಎಂದು ಅಣ್ಣಾ ಅಯ್ಯನವರನ್ನು ಸಂಕೋಚದಿಂದ ಕೇಳಿದರು. ಅಯ್ಯನವರು ಕೈಮುಗಿದು, ಮನೆ ನಿಮ್ಮದು, ದೀಪ ಇದ್ದ ಹಾಗೇ ಇರಲಿ ಎಂದರು.

ಆರಾಧನೆ ಶುರುವಾಯಿತು. ಅರ್ಧ ಮುಚ್ಚಿದ ಶಟರಿನ ಕೆಳಗಿನಿಂದ ಬಿಸಿಲು ನೆಲದ ಮೇಲೆ ಉದ್ದಕ್ಕೆ ಬಿದ್ದಿತ್ತು. ಅದರಲ್ಲಿ ಹೊರಗೆ ಓಡಾಡುವವರ ಕಾಲುಗಳ ನೆರಳು. ಒಳಗೆ ಸಾಂಬಾರಿನ, ಒಗ್ಗರಣೆಯ ವಾಸನೆ. ಉಪವಾಸ ಹಿಡಿದವರಿಗೆ ಅದಕ್ಕಿಂತ ದೊಡ್ಡ ಪರೀಕ್ಷೆ ಬೇರೆ ಬೇಕಿರಲಿಲ್ಲ. ಮೊದಲ ಮಾತನ್ನು ಒಬ್ಬ ಚಿಕ್ಕಮ್ಮ ಹೇಳಿದಳು, ಎರಡನೆಯದನ್ನು ಒಬ್ಬ ಕಾಲೇಜಿನ ಹುಡುಗ, ಮೂರನೆಯದನ್ನು ಹಿರಿಯ ಕಾಕಾ. ನಡುನಡುವೆ ಕೀರ್ತನೆ. ಅಪ್ಪ ಗೋಡೆಯ ಪಕ್ಕ ಕುರ್ಚಿಯಲ್ಲಿ ಕೂತಿದ್ದ. ಹಾಡಲಿಲ್ಲ. ಅವನ ಕೈಬೆರಳು ಅಂಗಿಯ ತುಕ್ಕಿನ ಕಲೆಯನ್ನು ಉಜ್ಜುತ್ತಿತ್ತು.

ಅಯ್ಯನವರು ನಾಲ್ಕನೆಯ ಮಾತು ಎಂದು ಹೇಳಿ ಕೂತರು. ಯಾರ ಹೆಸರನ್ನೂ ಹೇಳಲಿಲ್ಲ, ಯಾರ ಕಡೆಗೂ ನೋಡಲಿಲ್ಲ. ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಮತ್ತು ಅಡುಗೆಮನೆಯಲ್ಲಿ ರುಬ್ಬುವ ಯಂತ್ರದ ಸದ್ದು ಮಾತ್ರ. ಜನ ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಅಕ್ಕ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಳು.

ಅಪ್ಪ ಎದ್ದ. ಒಂದು ಊರುಗೋಲು ಜಾರಿ ನೆಲಕ್ಕೆ ಬಿತ್ತು. ಅದನ್ನು ಎತ್ತಿಕೊಳ್ಳದೆ, ಮೇಜಿಗೆ ಒಂದು ಕೈ ಕೊಟ್ಟು ನಿಂತ. ಅಡುಗೆಮನೆಯಲ್ಲಿ ಯಾರೋ ಯಂತ್ರ ನಿಲ್ಲಿಸಿದರು.

“ನಂಗ ಉಪದೇಶ ಮಾಡ್ಲಾಕ ಬರಲ್ಲ,” ಎಂದು ಶುರು ಮಾಡಿದ. “ಕಾಲು ಮುರದಾಗಿಂದ ನಾ ದೇವರಿಗಿ ಒಂದೇ ಮಾತು ಕೇಳ್ಲಾಕ ಹತ್ತೀನಿ. ನನ್ನ ಯಾಕ ಬಿಟ್ಟಿ? ಮುಂಜಾನಿ ಎದ್ರ ಅದೇ, ಮಲಗೋ ಮುಂದ ಅದೇ. ನನ್ನ ಪಾಪಕ್ಕ ಹಿಂಗ ಆಗ್ಯಾದ ಅಂದ್ರು. ಇರಬಹುದು. ಆದ್ರ ಏಸು ಸ್ವಾಮಿ ಏನ್ ಪಾಪ ಮಾಡಿದ್ದ? ಆತನೂ ಇದೇ ಮಾತು ಕೇಳ್ಯಾನ.”

ಅಲ್ಲಿ ನಿಂತ. ಇನ್ನು ಮುಂದುವರಿಯುವುದಿಲ್ಲ ಅಂದುಕೊಂಡೆ.

“ನಾ ಪ್ರಾರ್ಥನಾ ಬಿಟ್ಟೀನಿ ಅಂತ ತಿಳ್ಕೊಂಡಿದ್ದೆ. ಇವತ್ತು ಬರೋ ಹಾದ್ಯಾಗ ತಿಳೀತು. ಏಸು ಅದನ್ನ ಮಂದಿಗಿ ಕೇಳಲಿಲ್ಲ, ದೇವರಿಗೇ ಕೇಳ್ದ. ನಾನೂ ದೇವರಿಗೇ ಕೇಳೀನಿ, ಮತ್ತ್ಯಾರಿಗೂ ಕೇಳಿಲ್ಲ. ಅಂದ್ರ ನಾ ಇನ್ನಾ ಆತನ ಕೈ ಬಿಟ್ಟಿಲ್ಲ. ಆತ ಯಾಕ ಹಿಂಗ ಮಾಡ್ದ, ಅದು ನಂಗ ತಿಳದಿಲ್ಲ. ಆತ ಹೇಳೂ ಇಲ್ಲ. ಇವತ್ತು ಇಷ್ಟೇ ಹೇಳ್ಲಾಕ ಬರ್ತದ.”

ಅಪ್ಪ ಕೂತ. ಅಯ್ಯನವರು ಅದಕ್ಕೆ ಒಂದು ಮಾತನ್ನೂ ಸೇರಿಸಲಿಲ್ಲ. ಎಲ್ಲರೂ ಮೊಣಕಾಲೂರಿದರು. ಅಪ್ಪನಿಗೆ ಮೊಣಕಾಲೂರಲು ಬರುವುದಿಲ್ಲವಲ್ಲ, ಅವನು ಕುರ್ಚಿಯಲ್ಲೇ ತಲೆ ಬಗ್ಗಿಸಿದ. ಅವ್ವ ಅವನ ಕಾಲ ಬಳಿ, ಆ ಸೊಟ್ಟ ಕಾಲಿನ ಬಳಿಯೇ, ಮೊಣಕಾಲೂರಿದ್ದಳು. ನಾನು ಯಾವಾಗಿನಂತೆ ಒಂದು ಕಣ್ಣು ತೆರೆದು ನೋಡಿದೆ. ಅಣ್ಣಾ ಗಲ್ಲೆಯ ಹಿಂದೆ ಎದ್ದು ನಿಂತಿದ್ದರು, ಕೈಕಟ್ಟಿಕೊಂಡು.

ಐದನೆಯ ಮಾತು, ಆರನೆಯದು, ಏಳನೆಯದು. ಮೂರು ಗಂಟೆಗೆ ಆರಾಧನೆ ಮುಗಿಯಿತು. ಎಲ್ಲರೂ ಹೊರಡಲು ಏಳುತ್ತಿದ್ದಾಗ ಅಡುಗೆಮನೆಯ ಬಾಗಿಲಿನಿಂದ ಹೊಗೆಯಾಡುವ ದೊಡ್ಡ ಪಾತ್ರೆ ಬಂತು. ಹೊಟ್ಟೆ ಖಾಲಿ ಇಟ್ಟವರಿಗೆ ಖಾರದ್ದು ಕೊಡಬಾರದು, ಅದಕ್ಕೆ ಗಂಜಿ ಮಾಡಿಸಿದೆ ಎಂದರು ಅಣ್ಣಾ. ಕುಚ್ಚಲಕ್ಕಿಯ ಗಂಜಿ. ಕೆಂಪಗಿನ ದಪ್ಪ ಅಗುಳು, ಮೇಲೆ ತಿಳಿ, ಪಕ್ಕಕ್ಕೆ ಮಾವಿನಮಿಡಿಯ ಉಪ್ಪಿನಕಾಯಿ, ತೆಂಗಿನಕಾಯಿಯ ಚಟ್ನಿ. ನಾವು ಜೋಳದ ರೊಟ್ಟಿಯವರು, ಅಂಥದ್ದನ್ನು ಕಂಡೇ ಇರಲಿಲ್ಲ. ನಾನು ಮೊದಲ ಗುಟುಕು ಕುಡಿದಾಗ ಅದು ಗಂಟಲಿನಿಂದ ಹೊಟ್ಟೆಯವರೆಗೆ ಇಳಿಯುವುದು ತಿಳಿಯಿತು. ಆಮೇಲೆ ಎಷ್ಟೋ ಮದುವೆಗಳಲ್ಲಿ ಏನೇನೋ ತಿಂದಿದ್ದೇನೆ, ಆ ರುಚಿ ಮತ್ತೆ ಸಿಕ್ಕಿಲ್ಲ.

ಹಿರಿಯ ಕಾಕಾ ತಮ್ಮ ತಟ್ಟೆಯನ್ನು ಬಿಟ್ಟು, ಒಂದು ತಟ್ಟೆ ಗಂಜಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಪ್ಪನ ಹತ್ತಿರ ಬಂದರು. ಅಪ್ಪನ ಮುಂದೆ ಅದನ್ನು ಇಟ್ಟು, ಪಕ್ಕದಲ್ಲಿ ಕೂತು, “ನನ್ನ ಮಾತು ಭಾಳ ಕೆಟ್ಟದಿತ್ತು ತಮ್ಮಾ,” ಎಂದರು.

ಅಪ್ಪ ಚಮಚ ಎತ್ತಿಕೊಂಡು, “ನಿಮ್ಮ ಗಂಜಿ ಎಲ್ಲಿ ಕಾಕಾ? ತರ್ರಿ, ಕೂಡೇ ಉಣ್ಣೋಣ,” ಎಂದ.

ಆ ಸಂಜೆ ನಾವು ಚಾಪೆ ಹಾಸಿದಾಗ ಅಪ್ಪ ಗೋಡೆಯ ಕಡೆ ತಿರುಗಲಿಲ್ಲ. ನಮ್ಮ ಜೊತೆ ಕೂತ. ಅವ್ವ ಪ್ರಾರ್ಥಿಸಿದಳು. ಅಣ್ಣಾನ ಶಟರಿಗೆ ಸ್ತೋತ್ರ, ಗಂಜಿಗೆ ಸ್ತೋತ್ರ, ನೀರು ಕೊಟ್ಟ ರಸದಂಗಡಿಯವನಿಗೂ ಸ್ತೋತ್ರ. ಅಪ್ಪ ಕೀರ್ತನೆ ಎತ್ತುವುದಕ್ಕೆ ಇನ್ನೂ ಕೆಲವು ವಾರ ಬೇಕಾಯಿತು. ಎತ್ತಿದ ದಿನ ಪಕ್ಕದ ಮನೆಯ ಆಯಿ ಬಾಗಿಲಿಗೆ ಬಂದು ನಿಂತು, ಪೂರ್ತಿ ಕೇಳಿ, ಕಣ್ಣೊರೆಸಿಕೊಂಡು ಹೋದಳು.

ಅಪ್ಪನ ಕಾಲು ಕೊನೆಗೂ ನೆಟ್ಟಗಾಗಲಿಲ್ಲ. ನಾನು ಕೇಳುವುದನ್ನಂತೂ ಬಿಡಲಿಲ್ಲ. ಆದರೆ ಮರುವರ್ಷ ಒಂದು ಸಣ್ಣ ವರ್ಕ್‌ಶಾಪಿನಲ್ಲಿ, ತಯಾರಾದ ಬಿಡಿಭಾಗಗಳನ್ನು ಅಳೆದು ನೋಡುವ, ಕೂತು ಮಾಡುವ ಕೆಲಸ ಅವನಿಗೆ ಸಿಕ್ಕಿತು. ಅಲ್ಲಿ ಮುದುಕನಾಗುವವರೆಗೆ ದುಡಿದ. ಅಕ್ಕ ನರ್ಸ್ ಆದಳು. ನನ್ನನ್ನು ಅಪ್ಪ ಓದಿಸಿದ. ಹೋಟೆಲಿನ ಕೆಳಗಿನ ಊಟದ ಕೋಣೆಯಲ್ಲಿ ಶುಭ ಶುಕ್ರವಾರದ ಆರಾಧನೆ ಹಲವು ವರ್ಷ ನಡೆಯಿತು. ಆ ದಿನ ಮಧ್ಯಾಹ್ನ ಊಟವಿಲ್ಲ ಎಂದು ಗಿರಾಕಿಗಳಿಗೂ ರೂಢಿಯಾಗಿಬಿಟ್ಟಿತು. ಹಿರಿಯ ಕಾಕಾ ತೀರಿಕೊಂಡಾಗ ಅವರ ಮನೆಯವರು ಕೀರ್ತನೆ ಹಾಡಲು ಕರೆಸಿದ್ದು ಅಪ್ಪನನ್ನೇ.

ಈಗ ನಿಮ್ಮ ಚರ್ಚು ಎಷ್ಟು ದೊಡ್ಡದು! ಸ್ವಂತದ ಕಟ್ಟಡ, ಮೆತ್ತನೆಯ ಕುರ್ಚಿ, ತಣ್ಣನೆಯ ಗಾಳಿ. ಕೀರ್ತನೆಯ ಸಾಲುಗಳು ಗೋಡೆಯ ಪರದೆಯ ಮೇಲೆ ಬರುತ್ತವೆ, ಯಾರೂ ದಾರಿ ತಪ್ಪುವುದಿಲ್ಲ. ಊರುಗೋಲಿನವರಿಗೆ, ಗಾಲಿಕುರ್ಚಿಯವರಿಗೆ ಇಳಿಜಾರು ಕಟ್ಟಿದ್ದಾರೆ. ಅದನ್ನು ಕಂಡಾಗೆಲ್ಲ ನನಗೆ ಸಂತೋಷವಾಗುತ್ತದೆ. ನೀವು ಕನ್ನಡ, ಮರಾಠಿ, ಇಂಗ್ಲಿಷು ಮೂರರಲ್ಲೂ ಪ್ರಾರ್ಥಿಸಬಲ್ಲಿರಿ. ನಾನು ಬಿಸಿಲಿನಲ್ಲಿ ನಡೆದ ಆ ರಸ್ತೆಯ ಕೆಳಗೆ ಈಗ ರೈಲು ಓಡುತ್ತದೆ, ಮೇಲೆ ಸೇತುವೆ ಇದೆ. ನಿಮಗೆ ನೀರಿಗಾಗಿ ಕಾಯುವುದು ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ಆದರೂ ಮೊನ್ನೆ ನಿಮ್ಮಲ್ಲಿ ಒಬ್ಬಳು, ಶಾಲೆಯ ಗೆಳತಿ ಇನ್ನೂ ಆಸ್ಪತ್ರೆಯಿಂದ ಬರಲಿಲ್ಲವೆಂದು, ಕೋಣೆಯ ಬಾಗಿಲು ಹಾಕಿಕೊಂಡು ಕೂತಳು. ಊಟಕ್ಕೆ ಬರಲಿಲ್ಲ, ಪ್ರಾರ್ಥನೆಗೂ ಬರಲಿಲ್ಲ. ದೇವರ ಮೇಲೆ ಸಿಟ್ಟು ಬಂದಿದೆ ಅಜ್ಜಿ, ನಾನು ಮಾತಾಡುವುದಿಲ್ಲ ಎಂದಳು. ನಾನು ಬಾಗಿಲ ಹೊರಗೆ ನೆಲದ ಮೇಲೆ ಕೂತು, ಸಿಟ್ಟು ಬಂದಿದ್ದರೆ ಅದನ್ನೇ ಅವನಿಗೆ ಹೇಳು ಮಗಳೇ ಎಂದೆ. ಆಮೇಲೆ ಒಳಗಿನಿಂದ ಅವಳ ದನಿ ಕೇಳಿಸಿತು. ಅಳುತ್ತ, ಜೋರಾಗಿ, ದೇವರನ್ನು ಬಯ್ಯುತ್ತಿದ್ದಳು. ನಾನು ಕಣ್ಣು ಮುಚ್ಚಿ, ಅವಳು ಮುಗಿಸುವವರೆಗೆ ಜೊತೆಗೆ ಕೂತೆ.